ಸಂಬಳ ಪಡೆಯುತ್ತಲೇ ಪದವಿ: ಇಂಗ್ಲೆಂಡಿನ ಸಮಾಜಕಾರ್ಯ ಅಪ್ರೆಂಟಿಸ್‌ಗಳ ಮೂರು ವರ್ಷ

ಇಂಗ್ಲೆಂಡಿನ ಕೌನ್ಸಿಲ್‌ಗಳ, ಅಂದರೆ ಸ್ಥಳೀಯ ಆಡಳಿತ ಸಂಸ್ಥೆಗಳ, ಉದ್ಯೋಗ ಪುಟಗಳಲ್ಲಿ ಆಗಾಗ ಇಂಥದೊಂದು ಜಾಹೀರಾತು ಕಾಣಿಸುತ್ತದೆ: ಮೂರು ವರ್ಷ ಸಂಬಳದ ನೌಕರಿ, ಜೊತೆಗೆ ವಿಶ್ವವಿದ್ಯಾಲಯದ ಆನರ್ಸ್ ಪದವಿ, ಶುಲ್ಕ ಸೊನ್ನೆ, ಕೊನೆಗೆ ಸಮಾಜಕಾರ್ಯಕರ್ತರಾಗಿ ನೋಂದಣಿ ಮಾಡಿಸಿಕೊಳ್ಳುವ ಅರ್ಹತೆ. ಓದಿದ ನಮ್ಮವರಿಗೆ ಮೊದಲು ಹುಟ್ಟುವುದು ಅನುಮಾನ. ಅಲ್ಲಿನ ಸಾಮಾನ್ಯ ವಿದ್ಯಾರ್ಥಿ ಪದವಿಗಾಗಿ ವರ್ಷಕ್ಕೆ ಒಂಬತ್ತೂವರೆ ಸಾವಿರಕ್ಕೂ ಹೆಚ್ಚು ಪೌಂಡ್ ಶುಲ್ಕ ತೆರುತ್ತಾನೆ, ಅದಕ್ಕೆ ಸಾಲ ಮಾಡುತ್ತಾನೆ. ಹಾಗಿರುವಾಗ ಇನ್ನೊಬ್ಬರನ್ನು ಸಂಬಳ ಕೊಟ್ಟು ಓದಿಸುವ ಪುಣ್ಯಾತ್ಮರು ಯಾರು? ಪುಣ್ಯದ ಮಾತು ಇಲ್ಲಿಲ್ಲ. ಇದರ ಹಿಂದೆ ಒಂದು ತೆರಿಗೆ ಇದೆ, ತುಂಬಲಾಗದ ಹುದ್ದೆಗಳ ರಾಶಿ ಇದೆ. ಕಲಿಯುವವರ ಹೆಗಲಿಗೆ ಬೀಳುವ, ಜಾಹೀರಾತಿನಲ್ಲಿ ಬರೆಯದ ಭಾರವೂ ಇದೆ. ಶುಲ್ಕವಿಲ್ಲ ಎಂಬುದು ನಿಜ. ಅಗ್ಗ ಎಂಬುದು ನಿಜವಲ್ಲ.

ಇದು ಇಂಗ್ಲೆಂಡಿನ ಕಥೆ ಮಾತ್ರ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಿಗೆ ಅವುಗಳದೇ ನಿಯಂತ್ರಣ ಮಂಡಳಿಗಳಿವೆ, ಅವುಗಳದೇ ನಿಯಮಗಳಿವೆ. ಬ್ರಿಟನ್ ಎಂದರೆ ಒಂದೇ ವ್ಯವಸ್ಥೆ ಎಂದುಕೊಂಡು ಎಡಿನ್‌ಬರೋದಲ್ಲಿ ಕುಳಿತು ಲಂಡನ್ನಿನ ನಿಯಮ ಓದಿದರೆ ಪ್ರಯೋಜನವಿಲ್ಲ.

ಹುದ್ದೆಯ ಬಗ್ಗೆ ಮೊದಲು ಒಂದಿಷ್ಟು. ಸಮಾಜಕಾರ್ಯಕರ್ತ ಎಂಬ ಹೆಸರನ್ನು ಅಲ್ಲಿ ಯಾರು ಬೇಕಾದರೂ ಇಟ್ಟುಕೊಳ್ಳುವಂತಿಲ್ಲ. 2005ರ ಏಪ್ರಿಲ್‌ನಿಂದ ಅದಕ್ಕೆ ಕಾನೂನಿನ ರಕ್ಷಣೆಯಿದೆ. ನೋಂದಣಿಯಿಲ್ಲದೆ ಆ ಹೆಸರಿನಲ್ಲಿ ಕೆಲಸ ಮಾಡುವುದು ಅಪರಾಧ. ನೋಂದಣಿಯ ಹೊಣೆ 2019ರ ಡಿಸೆಂಬರ್ 2ರಿಂದ ಸೋಷಿಯಲ್ ವರ್ಕ್ ಇಂಗ್ಲೆಂಡ್ ಎಂಬ ಸಂಸ್ಥೆಯದು. ಇಷ್ಟೊಂದು ಬಿಗಿ ಏಕೆಂದರೆ ಈ ಹುದ್ದೆಯವರ ಕೈಯಲ್ಲಿರುವ ಅಧಿಕಾರ ಅಷ್ಟು ದೊಡ್ಡದು. 1989ರ ಮಕ್ಕಳ ಕಾಯ್ದೆಯ ಸೆಕ್ಷನ್ 47ರ ಪ್ರಕಾರ, ಮಗುವೊಂದು ಗಂಭೀರ ಹಾನಿಗೆ ಒಳಗಾಗುತ್ತಿದೆ ಅಥವಾ ಒಳಗಾಗುವ ಸಂಭವವಿದೆ ಎಂದು ಶಂಕಿಸಲು ಸಕಾರಣವಿದ್ದರೆ ಕೌನ್ಸಿಲ್ ವಿಚಾರಣೆ ನಡೆಸಲೇಬೇಕು. ಆ ವಿಚಾರಣೆಯ ಮುಂಚೂಣಿಯಲ್ಲಿರುವವರು ಇವರೇ. ಮಗುವನ್ನು ಮನೆಯಿಂದ ಹೊರಗಿಡಬೇಕೆ ಎಂಬ ಪ್ರಶ್ನೆ ನ್ಯಾಯಾಲಯದ ಮುಂದೆ ಬಂದಾಗ ಸಾಕ್ಷ್ಯ ಬರೆಯುವವರೂ ಇವರೇ. 2000ದಲ್ಲಿ ವಿಕ್ಟೋರಿಯಾ ಕ್ಲಿಂಬಿಯೆ ಎಂಬ ಎಂಟು ವರ್ಷದ ಬಾಲಕಿ ಲಂಡನ್ನಿನಲ್ಲಿ ಆರೈಕೆ ಮಾಡಬೇಕಾದವರ ಕೈಯಲ್ಲೇ ಸತ್ತಳು. ಸಮಾಜಕಾರ್ಯ ವಿಭಾಗಗಳು, ಆಸ್ಪತ್ರೆ, ಪೊಲೀಸರು, ಎಲ್ಲರ ಕಣ್ಣಿಗೂ ಬಿದ್ದಿದ್ದ ಮಗು ಅದು. 2003ರ ಜನವರಿಯಲ್ಲಿ ಬಂದ ಲಾರ್ಡ್ ಲೇಮಿಂಗ್ ವರದಿ ವ್ಯವಸ್ಥೆಯ ಲೋಪಗಳನ್ನು ಒಂದೊಂದಾಗಿ ಬಿಡಿಸಿಟ್ಟಿತು. ಅದೇ ವರ್ಷದಿಂದ ಡಿಪ್ಲೊಮಾ ಸಾಲದು, ಪದವಿಯೇ ಕನಿಷ್ಠ ಅರ್ಹತೆ ಎಂದಾಯಿತು. 2007ರಲ್ಲಿ ಪೀಟರ್ ಕಾನೆಲಿ ಎಂಬ ಹದಿನೇಳು ತಿಂಗಳ ಕೂಸಿನ ಸಾವಿನ ನಂತರ ಪ್ರಶ್ನೆ ಇನ್ನೂ ಮೊನಚಾಯಿತು: ಪದವಿಯೇನೋ ಇದೆ, ಆದರೆ ಆ ಪದವಿ ಹಿಡಿದವರು ಮೊದಲ ದಿನವೇ ಇಂಥ ಮನೆಯ ಬಾಗಿಲು ತಟ್ಟಲು ಸಿದ್ಧರಿದ್ದಾರೆಯೆ?

ಕೆಲಸದಲ್ಲಿದ್ದುಕೊಂಡೇ ಕಲಿಯುವ ದಾರಿಗೆ ಬೆಂಬಲ ಸಿಕ್ಕಿದ್ದಕ್ಕೆ ಈ ಪ್ರಶ್ನೆಯೂ ಒಂದು ಕಾರಣ. ಅದೇನೂ ಪೂರ್ತಿ ಹೊಸದಲ್ಲ. ಹಿಂದಿನ ದಶಕಗಳಲ್ಲೂ ಕೌನ್ಸಿಲ್‌ಗಳು ತಮ್ಮ ಸಹಾಯಕ ಸಿಬ್ಬಂದಿಯನ್ನು ಸಂಬಳ ಕೊಟ್ಟು ಕಾಲೇಜಿಗೆ ನಿಯೋಜಿಸುತ್ತಿದ್ದವು. ಬಜೆಟ್ ಸೊರಗಿದಂತೆ ಆ ಪದ್ಧತಿಯೂ ಸೊರಗಿತು. 2018ರ ನವೆಂಬರ್‌ನಲ್ಲಿ ಸಮಾಜಕಾರ್ಯಕ್ಕೆ ಪದವಿ ಮಟ್ಟದ ಅಪ್ರೆಂಟಿಸ್‌ಶಿಪ್ ಮಂಜೂರಾದಾಗ ಹಳೆಯ ನಿಯೋಜನೆಯೇ ಹೊಸ ಅಂಗಿ ತೊಟ್ಟು ಬಂದಿತು ಎನ್ನಬಹುದು. ಈ ಬಾರಿ ಹಣದ ಮೂಲ ಮಾತ್ರ ಬೇರೆ.

ಹಣ ಎಲ್ಲಿಂದ ಬರುತ್ತದೆ

2017ರ ಏಪ್ರಿಲ್‌ನಿಂದ ಬ್ರಿಟನ್ನಿನ ದೊಡ್ಡ ಉದ್ಯೋಗದಾತರೆಲ್ಲ ಅಪ್ರೆಂಟಿಸ್‌ಶಿಪ್ ಲೆವಿ ಎಂಬ ತೆರಿಗೆ ಕಟ್ಟುತ್ತಾರೆ. ವರ್ಷದ ಸಂಬಳದ ಒಟ್ಟು ವೆಚ್ಚ 30 ಲಕ್ಷ ಪೌಂಡ್ ದಾಟಿದವರಿಗೆ ಇದು ಅನ್ವಯ. ದರ ಶೇ 0.5, ಅದರಲ್ಲಿ ವರ್ಷಕ್ಕೆ 15,000 ಪೌಂಡ್ ರಿಯಾಯಿತಿ. ಸಾವಿರಾರು ನೌಕರರಿರುವ ಕೌನ್ಸಿಲ್‌ಗೆ ಇದರಿಂದ ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಇಂಗ್ಲೆಂಡಿನಲ್ಲಿ ಹಾಗೆ ಕಟ್ಟಿದ ಹಣ ಉದ್ಯೋಗದಾತರ ಹೆಸರಿನ ಡಿಜಿಟಲ್ ಖಾತೆಯಲ್ಲಿ ಕಾಣಿಸುತ್ತದೆ. ಅದನ್ನು ಅಪ್ರೆಂಟಿಸ್‌ಗಳ ತರಬೇತಿಗೆ ಮಾತ್ರ ಖರ್ಚು ಮಾಡಬಹುದು, ಅದೂ ನಿಗದಿತ ಅವಧಿಯೊಳಗೆ, ಬಳಸದಿದ್ದರೆ ಕೈತಪ್ಪುತ್ತದೆ. ಹೇಗೂ ಕಟ್ಟಿದ್ದಾಗಿದೆ, ಸುಮ್ಮನೆ ಬಿಡುವುದೇಕೆ ಎಂದು ಕೌನ್ಸಿಲ್‌ಗಳು ಸಮಾಜಕಾರ್ಯದ ಕಡೆ ತಿರುಗಿದವು. ಈ ಪದವಿ ಅಪ್ರೆಂಟಿಸ್‌ಶಿಪ್‌ಗೆ ಸರ್ಕಾರ ನಿಗದಿ ಮಾಡಿದ ಗರಿಷ್ಠ ಮೊತ್ತ 23,000 ಪೌಂಡ್. ಇದು ಖಾತೆಯಿಂದ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ.

ತಿರುಗಲು ಇನ್ನೊಂದು ಕಾರಣವೂ ಇತ್ತು. 2022ರ ಸೆಪ್ಟೆಂಬರ್ ಹೊತ್ತಿಗೆ ಇಂಗ್ಲೆಂಡಿನ ಕೌನ್ಸಿಲ್‌ಗಳ ಮಕ್ಕಳ ವಿಭಾಗಗಳಲ್ಲಿ ಸಮಾಜಕಾರ್ಯಕರ್ತರ ಹುದ್ದೆಗಳಲ್ಲಿ ಐದಕ್ಕೆ ಒಂದು ಖಾಲಿಯಿತ್ತು. ಆ ಜಾಗಕ್ಕೆ ಏಜೆನ್ಸಿಗಳಿಂದ ದುಬಾರಿ ದರಕ್ಕೆ ತಾತ್ಕಾಲಿಕ ಸಿಬ್ಬಂದಿಯನ್ನು ತರಬೇಕು. ಅವರು ಇಂದು ಇರುತ್ತಾರೆ, ಮುಂದಿನ ತಿಂಗಳು ಬೇರೆ ಊರಿನಲ್ಲಿರುತ್ತಾರೆ. ಅದರ ಬದಲು ಹತ್ತು ವರ್ಷದಿಂದ ಅದೇ ಊರಿನಲ್ಲಿ ಮನೆ ಮಾಡಿಕೊಂಡಿರುವ, ಮಕ್ಕಳನ್ನು ಅಲ್ಲಿಯ ಶಾಲೆಗೇ ಕಳಿಸುವ ಸಹಾಯಕಿಯೊಬ್ಬರನ್ನು ಓದಿಸಿದರೆ ಅವರು ಊರು ಬಿಟ್ಟು ಹೋಗುವ ಸಾಧ್ಯತೆ ಕಡಿಮೆ. ಲೆಕ್ಕಾಚಾರ ಸರಳವಾಗಿದೆ, ತಪ್ಪೂ ಅಲ್ಲ.

ಇಷ್ಟಾದರೂ ಸೀಟುಗಳು ಬೆರಳೆಣಿಕೆಯಷ್ಟು. ಲೆವಿ ಖಾತೆಯಿಂದ ತರಬೇತಿಗೆ ಮಾತ್ರ ಹಣ ತೆಗೆಯಬಹುದು, ಸಂಬಳಕ್ಕೆ ಒಂದು ಪೆನ್ನಿಯನ್ನೂ ತೆಗೆಯುವಂತಿಲ್ಲ. ಅಪ್ರೆಂಟಿಸ್ ವಿಶ್ವವಿದ್ಯಾಲಯದಲ್ಲಿ ಕುಳಿತ ದಿನದ ಸಂಬಳ, ತಿಂಗಳುಗಟ್ಟಲೆ ಬೇರೆ ತಂಡಕ್ಕೆ ಹೋದಾಗ ಖಾಲಿಯಾಗುವ ಅವರ ಮೂಲ ಜಾಗ, ಅಲ್ಲಿ ಉಳಿದ ಕೆಲಸ, ಇವೆಲ್ಲ ಕೌನ್ಸಿಲ್‌ನ ಸ್ವಂತ ಬೊಕ್ಕಸದ ಮೇಲೆ. ಹೀಗಾಗಿ ಅನೇಕ ಕೌನ್ಸಿಲ್‌ಗಳು ಈ ಅವಕಾಶವನ್ನು ಈಗಾಗಲೇ ತಮ್ಮಲ್ಲಿರುವ ನೌಕರರಿಗೆ ಮಾತ್ರ ತೆರೆದಿಡುತ್ತವೆ. ಹೊರಗಿನವರಿಗೆ ಇದು ಉಚಿತ ಪದವಿಯ ಹೆಬ್ಬಾಗಿಲಿನಂತೆ ಕಂಡರೂ ಒಳಗಿನಿಂದ ನೋಡಿದರೆ ಇದು ಬಹುಮಟ್ಟಿಗೆ ಬಡ್ತಿಯ ಮೆಟ್ಟಿಲು.

ಸಂಬಳ ಎಷ್ಟು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಕಾನೂನಿನ ಪ್ರಕಾರ ಅಪ್ರೆಂಟಿಸ್‌ಗೆ ಮೊದಲ ವರ್ಷ ಕೊಡಬೇಕಾದ ಕನಿಷ್ಠ ದರ 2025ರ ಏಪ್ರಿಲ್‌ನಲ್ಲಿ ಗಂಟೆಗೆ 7.55 ಪೌಂಡ್ ಇತ್ತು; ನಂತರದ ವರ್ಷಗಳಲ್ಲಿ, ವಯಸ್ಸು 19 ದಾಟಿದ್ದರೆ, ಆಯಾ ವಯಸ್ಸಿನ ಕನಿಷ್ಠ ವೇತನ. ಕೌನ್ಸಿಲ್‌ಗಳು ಸಾಮಾನ್ಯವಾಗಿ ತಮ್ಮ ವೇತನ ಶ್ರೇಣಿಯ ಪ್ರಕಾರ ಇದಕ್ಕಿಂತ ಹೆಚ್ಚು ಕೊಡುತ್ತವೆ. ರಜೆ, ಪಿಂಚಣಿ ಎಲ್ಲವೂ ನೌಕರರಿಗೆ ಇರುವಂತೆಯೇ. ಕಲಿಯುವವರು ತರಬೇತಿಯ ವೆಚ್ಚದಲ್ಲಿ ಪಾಲು ಕೊಡಬೇಕಿಲ್ಲ, ನಡುವೆ ಬಿಟ್ಟು ಹೋದರೂ ಆ ವೆಚ್ಚವನ್ನು ಅವರಿಂದ ವಸೂಲಿ ಮಾಡುವಂತಿಲ್ಲ. ಆದರೆ ಶೈಕ್ಷಣಿಕ ಸಾಲವೂ ಸಿಗುವುದಿಲ್ಲ. ಸಂಬಳದಲ್ಲೇ ಮನೆ ನಡೆಯಬೇಕು.

ಮೂವರ ನಡುವಿನ ಒಪ್ಪಂದ

ಸಾಮಾನ್ಯ ಪದವಿಗೆ ವಿದ್ಯಾರ್ಥಿ ಯೂಕ್ಯಾಸ್ ಎಂಬ ಕೇಂದ್ರೀಯ ಪ್ರವೇಶ ಸಂಸ್ಥೆಯ ಮೂಲಕ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುತ್ತಾನೆ. ಇಲ್ಲಿ ಅರ್ಜಿ ಹೋಗುವುದು ಕೆಲಸ ಕೊಡುವವರಿಗೆ. ಕೌನ್ಸಿಲ್, ಮಕ್ಕಳ ಸೇವೆ ನಡೆಸುವ ಟ್ರಸ್ಟ್, ಕೆಲವೊಮ್ಮೆ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಟ್ರಸ್ಟ್, ಹೀಗೆ ಉದ್ಯೋಗದಾತರು ಒಪ್ಪಿದ ಮೇಲೆ ವಿಶ್ವವಿದ್ಯಾಲಯ ತನ್ನ ಪರೀಕ್ಷೆ ನಡೆಸುತ್ತದೆ. ಇಬ್ಬರೂ ಹೂಂ ಎನ್ನಬೇಕು. ಲಿಖಿತ ಪರೀಕ್ಷೆ, ಗುಂಪು ಚರ್ಚೆ, ಸಂದರ್ಶನ ಇರುತ್ತವೆ. ಪೊಲೀಸ್ ದಾಖಲೆಗಳ ವಿಸ್ತೃತ ತಪಾಸಣೆಯಂತೂ ಕಡ್ಡಾಯ. ಆಯ್ಕೆಯ ಪ್ರಕ್ರಿಯೆಯಲ್ಲಿ ಸಮಾಜಕಾರ್ಯ ಸೇವೆಗಳನ್ನು ಸ್ವತಃ ಪಡೆದವರೂ ಭಾಗವಹಿಸಬೇಕೆಂದು ನಿಯಂತ್ರಕರ ಮಾನದಂಡವೇ ಹೇಳುತ್ತದೆ. ಹಾಗಾಗಿ ಸಂದರ್ಶನದ ಮೇಜಿನ ಆ ಬದಿಯಲ್ಲಿ ಪ್ರಾಧ್ಯಾಪಕರ ಪಕ್ಕ ಬಾಲ್ಯವನ್ನೆಲ್ಲ ಸಾಕು ಮನೆಗಳಲ್ಲಿ ಕಳೆದ ಯುವಕನೊಬ್ಬ ಕುಳಿತಿರಬಹುದು. "ನಮ್ಮ ಮನೆಗೆ ಬಂದವರಲ್ಲಿ ಯಾರೂ ಎರಡನೇ ಸಲ ಬರಲಿಲ್ಲ, ನೀವು ಬರುತ್ತೀರಾ?" ಎಂದು ಅವನು ಕೇಳಿದರೆ ಪುಸ್ತಕದ ಉತ್ತರ ಕೆಲಸಕ್ಕೆ ಬರುವುದಿಲ್ಲ. ನನಗೆ ಈ ಇಡೀ ವ್ಯವಸ್ಥೆಯಲ್ಲಿ ಬಹಳ ಮೆಚ್ಚುಗೆಯಾದ ನಿಯಮ ಇದೇ.

ಆಯ್ಕೆಯಾದ ಮೇಲೆ ಮೂವರೂ ಸೇರಿ ತರಬೇತಿ ಯೋಜನೆಗೆ ಸಹಿ ಹಾಕುತ್ತಾರೆ. ಸರಿಸುಮಾರು ಮೂರು ತಿಂಗಳಿಗೊಮ್ಮೆ ಅಪ್ರೆಂಟಿಸ್, ಮ್ಯಾನೇಜರ್ ಮತ್ತು ವಿಶ್ವವಿದ್ಯಾಲಯದ ಪ್ರತಿನಿಧಿ ಕುಳಿತು ಎಲ್ಲಿಗೆ ಬಂದಿದ್ದೇವೆ ಎಂದು ನೋಡುತ್ತಾರೆ. ಅವಧಿ ಸಾಮಾನ್ಯವಾಗಿ 36 ತಿಂಗಳು. ಈಗಾಗಲೇ ಬೇರೆ ವಿಷಯದಲ್ಲಿ ಪದವಿ ಇದ್ದವರೂ ಸೇರಬಹುದು, ಕಲಿಯಬೇಕಾದದ್ದು ನಿಜಕ್ಕೂ ಹೊಸತಾಗಿದ್ದರೆ ಸಾಕು. ಮೊದಲೇ ಕಲಿತದ್ದನ್ನು ಲೆಕ್ಕಕ್ಕೆ ಹಿಡಿದು ಅಷ್ಟರಮಟ್ಟಿಗೆ ತರಬೇತಿಯನ್ನು ಕಡಿಮೆ ಮಾಡಬೇಕೆಂಬ ನಿಯಮವೂ ಇದೆ.

ಅಪ್ರೆಂಟಿಸ್ ಎಂಬ ಕಾರಣಕ್ಕೆ ಮಾನದಂಡ ಸಡಿಲವಾಗುವುದಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಯಾವ ದಾರಿಯಲ್ಲಿ ಬಂದವರೇ ಆಗಲಿ, ಕನಿಷ್ಠ 200 ದಿನ ಕ್ಷೇತ್ರದಲ್ಲಿ ಕಲಿತಿರಬೇಕು; ಅದರಲ್ಲಿ ಗರಿಷ್ಠ 30 ದಿನ ಕೌಶಲ ತರಬೇತಿಯದಾಗಬಹುದು. ಕನಿಷ್ಠ ಎರಡು ಕಡೆ, ಒಂದಕ್ಕೊಂದು ಭಿನ್ನವಾದ ಅನುಭವ ಆಗಬೇಕು. ಅವುಗಳಲ್ಲಿ ಒಂದಾದರೂ ಕಾನೂನಿನ ಅಧಿಕಾರ ಚಲಾಯಿಸುವ, ಅಪಾಯದ ತೂಕ ನೋಡಿ ನಿರ್ಧಾರ ತೆಗೆದುಕೊಳ್ಳುವ ಜಾಗವಾಗಿರಬೇಕು. ವೃದ್ಧರ ಆರೈಕೆ ತಂಡದಲ್ಲಿ ಎಂಟು ವರ್ಷ ಪಳಗಿದ ಸಹಾಯಕಿ ತನ್ನ ಪರಿಚಿತ ಮೇಜನ್ನು ಬಿಟ್ಟು ಮಕ್ಕಳ ರಕ್ಷಣಾ ತಂಡಕ್ಕೆ ಹೋಗಿ ಹೊಸಬಳಂತೆ ನಿಲ್ಲಬೇಕಾಗುತ್ತದೆ. ಕ್ಷೇತ್ರಕ್ಕೆ ಇಳಿಯುವ ಮುನ್ನ ಜನರೊಡನೆ ನೇರವಾಗಿ ಕೆಲಸ ಮಾಡಲು ಸಿದ್ಧರಿದ್ದಾರೆಯೇ ಎಂಬ ಮೌಲ್ಯಮಾಪನವೂ ಇದೆ. "ಎಂಟು ವರ್ಷದಿಂದ ಇದನ್ನೇ ಮಾಡುತ್ತಿದ್ದೇನಲ್ಲ" ಎಂಬ ವಾದ ಅಲ್ಲಿ ನಡೆಯುವುದಿಲ್ಲ.

ಕ್ಷೇತ್ರದಲ್ಲಿ ಅವರನ್ನು ನೋಡಿಕೊಳ್ಳುವವರು ಪ್ರಾಕ್ಟೀಸ್ ಎಜುಕೇಟರ್. ಸ್ವತಃ ನೋಂದಾಯಿತ ಸಮಾಜಕಾರ್ಯಕರ್ತರಾಗಿದ್ದು ಕಲಿಸುವುದರಲ್ಲೂ ತರಬೇತಿ ಪಡೆದವರು ಇವರು. ನಮ್ಮ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ವಿದ್ಯಾರ್ಥಿಗಳ ಕ್ಷೇತ್ರಕಾರ್ಯ ಮೇಲ್ವಿಚಾರಕರಿಗೆ ಹತ್ತಿರದ ಪಾತ್ರ. ಒಂದು ವ್ಯತ್ಯಾಸವೆಂದರೆ ಇವರು ಅಪ್ರೆಂಟಿಸ್‌ನ ಜೊತೆ ಮನೆಗೋ ವಾರ್ಡಿಗೋ ಹೋಗಿ, ಮೂಲೆಯಲ್ಲಿ ಕುಳಿತು, ನಡೆದ ಮಾತುಕತೆಯನ್ನು ಕಣ್ಣಾರೆ ನೋಡಿ ಬರೆಯುತ್ತಾರೆ. ಉತ್ತೀರ್ಣ, ಅನುತ್ತೀರ್ಣ ಎಂಬ ಶಿಫಾರಸು ಬಹಳಮಟ್ಟಿಗೆ ಇವರ ಕೈಯಲ್ಲಿ.

ವಾರ್ಡಿನಲ್ಲಿ ಒಂದು ಮಧ್ಯಾಹ್ನ

ಕಲಿಕೆ ನಿಜವಾಗಿ ಹೇಗೆ ಆಗುತ್ತದೆ ಎಂಬುದಕ್ಕೆ ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಆಸ್ಪತ್ರೆಗೆ ಹೊಂದಿಕೊಂಡ ವಯಸ್ಕರ ತಂಡದಲ್ಲಿ ಎರಡನೇ ವರ್ಷದ ಅಪ್ರೆಂಟಿಸ್ ಒಬ್ಬಳಿದ್ದಾಳೆ. ಸೊಂಟದ ಮೂಳೆ ಮುರಿದು ದಾಖಲಾಗಿದ್ದ 82 ವರ್ಷದ ಮಹಿಳೆ ಗುಣವಾಗಿದ್ದಾರೆ. ಅವರಿಗೆ ಮನೆಗೇ ಹೋಗಬೇಕು, ಒಬ್ಬರೇ ಇರಬೇಕು. ಮಗನಿಗೆ ತಾಯಿಯನ್ನು ವೃದ್ಧರ ಆರೈಕೆ ಮನೆಗೆ ಸೇರಿಸಬೇಕು. ವಾರ್ಡಿನ ನರ್ಸ್‌ಗೆ ಹಾಸಿಗೆ ಖಾಲಿಯಾಗಬೇಕು. ಕಡತದಲ್ಲಿ ಯಾರೋ "ಗೊಂದಲದಲ್ಲಿದ್ದಾರೆ, ತಿಳಿವಳಿಕೆ ಇದ್ದಂತಿಲ್ಲ" ಎಂದು ಗೀಚಿದ್ದಾರೆ.

ಅಪ್ರೆಂಟಿಸ್ ಹೋಗಿ ಮಾತನಾಡಿಸುತ್ತಾಳೆ. ಮನೆಯಲ್ಲಿ ಮೆಟ್ಟಿಲಿದೆಯಲ್ಲ, ಮತ್ತೆ ಬಿದ್ದರೆ ಏನು ಮಾಡುತ್ತೀರಿ ಎಂದು ಕೇಳುತ್ತಾಳೆ. ಅಸಂಬದ್ಧ ಉತ್ತರಗಳು ಬರುತ್ತವೆ. ಕಡತದಲ್ಲಿ ಬರೆದದ್ದು ಸರಿ ಎಂದುಕೊಂಡು ಅವಳು ಏಳುವ ಹೊತ್ತಿಗೆ ಮೂಲೆಯಲ್ಲಿದ್ದ ಪ್ರಾಕ್ಟೀಸ್ ಎಜುಕೇಟರ್ ಹಾಸಿಗೆಯ ಪಕ್ಕದ ಪುಟ್ಟ ಕಪಾಟಿನ ಡ್ರಾಯರ್ ಕಡೆ ಕಣ್ಣು ಹಾಯಿಸುತ್ತಾರೆ. ಶ್ರವಣ ಸಾಧನ ಅಲ್ಲಿದೆ, ಟಿಶ್ಯೂ ಕಾಗದದಲ್ಲಿ ಸುತ್ತಿಟ್ಟದ್ದು. ಬ್ಯಾಟರಿ ಮುಗಿದಿದೆ. ಹೊಸ ಬ್ಯಾಟರಿ ಹುಡುಕಿ ತಂದು, ಟಿ.ವಿ. ಗದ್ದಲವಿಲ್ಲದ ಕೋಣೆಗೆ ಗಾಲಿಕುರ್ಚಿಯಲ್ಲಿ ಕರೆದೊಯ್ದು ಅದೇ ಪ್ರಶ್ನೆ ಕೇಳಿದಾಗ ಬರುವ ಉತ್ತರ ಬೇರೆ: "ಬೀಳಬಹುದು, ಗೊತ್ತು. ಬಿದ್ದರೆ ಪಕ್ಕದ ಮನೆಯವಳು ಬೆಳಿಗ್ಗೆ ಬಂದಾಗ ನೋಡುತ್ತಾಳೆ. ನಲವತ್ತು ವರ್ಷ ಇದ್ದ ಮನೆ ಅದು."

2005ರ ಮಾನಸಿಕ ಸಾಮರ್ಥ್ಯ ಕಾಯ್ದೆಯಲ್ಲಿ ಐದು ತತ್ವಗಳಿವೆ. ವ್ಯಕ್ತಿಗೆ ನಿರ್ಧರಿಸುವ ಸಾಮರ್ಥ್ಯ ಇದೆ ಎಂದೇ ಮೊದಲು ಭಾವಿಸಬೇಕು. ಇಲ್ಲ ಎನ್ನುವವರು ಅದನ್ನು ತೋರಿಸಬೇಕು. ಸ್ವತಃ ನಿರ್ಧರಿಸಲು ಸಾಧ್ಯವಿರುವ ಎಲ್ಲ ನೆರವನ್ನೂ ಕೊಡದೆ ಸಾಮರ್ಥ್ಯವಿಲ್ಲ ಎನ್ನುವಂತಿಲ್ಲ. ಶ್ರವಣ ಸಾಧನದ ಬ್ಯಾಟರಿ ಈ ಎರಡನೆಯ ತತ್ವಕ್ಕೆ ಸೇರಿದ್ದು. ನಿರ್ಧಾರ ಅವಿವೇಕದ್ದು ಎನಿಸಿದ ಮಾತ್ರಕ್ಕೆ ಸಾಮರ್ಥ್ಯವಿಲ್ಲ ಎಂದಾಗುವುದಿಲ್ಲ. ಸಾಮರ್ಥ್ಯವಿಲ್ಲ ಎಂದು ಖಚಿತವಾದ ಮೇಲಷ್ಟೇ ಬೇರೆಯವರು ನಿರ್ಧರಿಸಬಹುದು, ಅದೂ ಆ ವ್ಯಕ್ತಿಯ ಹಿತಕ್ಕಾಗಿ, ಆ ವ್ಯಕ್ತಿಯ ಸ್ವಾತಂತ್ರ್ಯಕ್ಕೆ ಆದಷ್ಟು ಕಡಿಮೆ ಧಕ್ಕೆಯಾಗುವಂತೆ. ವಿಷಯ ಅರ್ಥವಾಗುತ್ತದೆಯೆ, ನಿರ್ಧಾರಕ್ಕೆ ಬೇಕಾದಷ್ಟು ಹೊತ್ತು ನೆನಪಿನಲ್ಲಿ ಉಳಿಯುತ್ತದೆಯೆ, ತೂಗಿ ನೋಡಬಲ್ಲರೆ, ಹೇಗಾದರೂ ತಿಳಿಸಬಲ್ಲರೆ ಎಂಬ ನಾಲ್ಕು ಪ್ರಶ್ನೆಗಳಿಂದ ಇದನ್ನು ಅಳೆಯಬೇಕು.

ಕಾರಿನಲ್ಲಿ ಹಿಂತಿರುಗುವಾಗ ಪ್ರಾಕ್ಟೀಸ್ ಎಜುಕೇಟರ್ ಕೇಳುವುದು ಒಂದೇ ಪ್ರಶ್ನೆ: "ಅವರು ಹೇಳಿದ್ದು ಅವರಿಗೇ ಅರ್ಥವಾಗಿಲ್ಲ ಎಂದು ನಿಮಗೆ ಅನಿಸಿತೋ, ಅಥವಾ ಅವರು ಹೇಳಿದ್ದು ನಿಮಗೆ ಭಯ ಹುಟ್ಟಿಸಿತೋ?" ಈ ಎರಡನ್ನು ಬೇರ್ಪಡಿಸಿ ನೋಡುವುದು ಸಮಾಜಕಾರ್ಯದ ತಿರುಳು. ತರಗತಿಯಲ್ಲಿ ಐದು ತತ್ವಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ನೂರಕ್ಕೆ ಎಪ್ಪತ್ತು ತೆಗೆದ ಹುಡುಗಿಗೂ ಅದು ಸಿಕ್ಕಿರಲಿಲ್ಲ. ಅಂದು ರಾತ್ರಿ ಅವಳು ತನ್ನ ಪೋರ್ಟ್‌ಫೋಲಿಯೊದಲ್ಲಿ ಇದನ್ನು ಬರೆಯಬೇಕು: ಏನು ಮಾಡಿದೆ, ಯಾವ ಕಾನೂನು, ಏನನ್ನು ಗಮನಿಸದೆ ಹೋದೆ, ಏಕೆ ಹೋದೆ. ತನ್ನ ಅಜ್ಜಿ ಬಿದ್ದು ತೀರಿಕೊಂಡದ್ದು ನೆನಪಾಗಿ ಅವಸರಪಟ್ಟಿದ್ದರೆ ಅದನ್ನೂ ಬರೆಯಬೇಕು.

ನಮ್ಮ ಕಡೆಯಿಂದ ಹೋದವರಿಗೆ ಈ ಪ್ರಸಂಗದಲ್ಲಿ ಎಡವುವ ಇನ್ನೊಂದು ಕಲ್ಲಿದೆ. ಮಗ ಬಂದು "ಅಮ್ಮನನ್ನು ನಾನು ನೋಡಿಕೊಳ್ಳುತ್ತೇನೆ, ಹೀಗೆ ಮಾಡಿ" ಎಂದರೆ ನಮ್ಮಲ್ಲಿ ಅದು ಕೊನೆಯ ಮಾತು; ವೈದ್ಯರೂ ತಾಯಿಯನ್ನು ಬಿಟ್ಟು ಮಗನಿಗೇ ವಿವರಿಸುತ್ತಾರೆ. ಇಂಗ್ಲೆಂಡಿನಲ್ಲಿ ಹತ್ತಿರದ ಸಂಬಂಧಿ ಎಂಬ ಒಂದೇ ಕಾರಣಕ್ಕೆ ಮಗನಿಗೆ ಆ ಅಧಿಕಾರವಿಲ್ಲ. ತಾಯಿ ಮೊದಲೇ ನೋಂದಾಯಿಸಿದ ಅಧಿಕಾರಪತ್ರ ಕೊಟ್ಟಿದ್ದರೆ ಅಥವಾ ನ್ಯಾಯಾಲಯ ಅವನನ್ನು ನೇಮಿಸಿದ್ದರೆ ಮಾತ್ರ, ಅದೂ ತಾಯಿಗೆ ಈ ವಿಷಯದಲ್ಲಿ ನಿರ್ಧರಿಸುವ ಸಾಮರ್ಥ್ಯ ಹೋದ ಮೇಲೆ, ಅವನ ಮಾತಿಗೆ ಕಾನೂನಿನ ಬಲ. ಮಗನ ಆತಂಕ ಕೇಳಬೇಕು, ಗೌರವಿಸಬೇಕು, ಆಮೇಲೆ ತಾಯಿಯ ಕಡೆ ತಿರುಗಬೇಕು.

ಎರಡು ದೋಣಿಯ ಮೇಲೆ ಕಾಲು

ಇನ್ನು ಜಾಹೀರಾತಿನಲ್ಲಿ ಇಲ್ಲದ ಭಾರದ ವಿಷಯ. ಅಪ್ರೆಂಟಿಸ್‌ನ ದುಡಿಮೆಯ ಅವಧಿಯಲ್ಲಿ ಒಂದು ಭಾಗ ಕಲಿಕೆಗೇ ಮೀಸಲು. ಮೊದಲು ಇದು ಶೇ 20 ಎಂದಿತ್ತು. 2022ರ ಆಗಸ್ಟ್‌ನಿಂದ ಪೂರ್ಣಾವಧಿ ನೌಕರರಿಗೆ ವಾರಕ್ಕೆ ಕನಿಷ್ಠ 6 ಗಂಟೆ ಎಂದಾಯಿತು. 2025ರ ಆಗಸ್ಟ್ ನಂತರ ಸೇರುವವರಿಗೆ ಆಯಾ ವೃತ್ತಿಗೆ ಇಷ್ಟು ಗಂಟೆ ಎಂದು ಒಟ್ಟು ಲೆಕ್ಕವನ್ನೇ ನಿಗದಿ ಮಾಡಲಾಗಿದೆ. ಸಾಮಾನ್ಯವಾಗಿ ವಾರಕ್ಕೊಂದು ದಿನ ವಿಶ್ವವಿದ್ಯಾಲಯ. ಕೆಲವು ಕಡೆ ಒಟ್ಟಿಗೆ ಒಂದೆರಡು ವಾರ. ಓಪನ್ ಯೂನಿವರ್ಸಿಟಿಯಲ್ಲಿ ಸೇರಿದವರು ಬಹುಪಾಲು ಓದನ್ನು ಮನೆಯಿಂದಲೇ ಮಾಡುತ್ತಾರೆ. ಈ ಗಂಟೆಗಳಿಗೂ ಸಂಬಳವಿದೆ. ಕಾಗದದ ಮೇಲೆ ಎಲ್ಲ ಅಚ್ಚುಕಟ್ಟು.

ಕಚೇರಿಯ ವಾಸ್ತವ ಬೇರೆ. ಬುಧವಾರ ಓದಿನ ದಿನ ಎಂದು ಗುರುತಾಗಿರುತ್ತದೆ. ಮಂಗಳವಾರ ಸಂಜೆ ಒಂದು ಕುಟುಂಬದ ತಾಯಿ ಫೋನ್ ಮಾಡಿ ಅಳುತ್ತಾಳೆ; ತಂಡದಲ್ಲಿ ಇಬ್ಬರು ರಜೆ; ಆ ಮನೆಯನ್ನು ಬಲ್ಲವಳು ನೀನೊಬ್ಬಳೇ ಎಂದು ಮ್ಯಾನೇಜರ್ ಹೇಳುತ್ತಾರೆ. ಬುಧವಾರ ಕರಗುತ್ತದೆ. ಇದು ಯಾರ ದುರುದ್ದೇಶವೂ ಅಲ್ಲ, ಹುದ್ದೆ ಖಾಲಿ ಇರುವ ಕಡೆ ನಡೆಯುವುದೇ ಹೀಗೆ. ಯಾವ ಕೊರತೆಯನ್ನು ತುಂಬಲು ಅಪ್ರೆಂಟಿಸ್‌ಗಳನ್ನು ತಂದರೋ ಅದೇ ಕೊರತೆ ಅವರ ಓದಿನ ದಿನವನ್ನು ತಿನ್ನುತ್ತದೆ. ಪ್ರಬಂಧವನ್ನು ಮಕ್ಕಳು ಮಲಗಿದ ಮೇಲೆ ರಾತ್ರಿ ಬರೆಯುತ್ತಾರೆ. ಸಾಮಾನ್ಯ ವಿದ್ಯಾರ್ಥಿಗೆ ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಬಿಡುವು. ಅಪ್ರೆಂಟಿಸ್‌ಗೆ ನೌಕರರ ವಾರ್ಷಿಕ ರಜೆ ಮಾತ್ರ. ಆದ್ದರಿಂದ ಸಂದರ್ಶನದಲ್ಲಿ ಅಭ್ಯರ್ಥಿಯೂ ಒಂದು ಪ್ರಶ್ನೆ ಕೇಳುವುದು ಒಳ್ಳೆಯದು: ನನ್ನ ಓದಿನ ದಿನ ತುರ್ತು ಕರೆ ಬಂದರೆ ಅದನ್ನು ಯಾರು ನೋಡಿಕೊಳ್ಳುತ್ತಾರೆ? ಅದಕ್ಕೆ ಒಬ್ಬರ ಹೆಸರು ಉತ್ತರವಾಗಿ ಬಂದರೆ ಆ ಕೌನ್ಸಿಲ್ ಯೋಚಿಸಿದೆ ಎಂದರ್ಥ. "ನೋಡೋಣ, ಹೊಂದಿಸಿಕೊಳ್ಳೋಣ" ಎಂದು ಬಂದರೆ ಅದೂ ಒಂದು ಉತ್ತರವೇ.

ಎರಡನೆಯ ತೊಡಕು ಇನ್ನೂ ಸೂಕ್ಷ್ಮ. ಸಹಾಯಕಿಯಾಗಿದ್ದಾಗ ಆಕೆಯ ಕೆಲಸ ಕುಟುಂಬಕ್ಕೆ ಒತ್ತಾಸೆಯಾಗಿ ನಿಲ್ಲುವುದು: ಮಗುವನ್ನು ಹೊತ್ತಿಗೆ ಮಲಗಿಸುವ ಅಭ್ಯಾಸ ಮಾಡಿಸುವುದು, ತಾಯಿಯ ಜೊತೆ ವಸತಿ ಕಚೇರಿಗೆ ಹೋಗುವುದು, ಅರ್ಜಿ ತುಂಬಿಸುವುದು. ಮನೆಯವರು ನಂಬುತ್ತಾರೆ, ಚಹಾ ಕೊಡುತ್ತಾರೆ. ಸಮಾಜಕಾರ್ಯಕರ್ತೆಯಾದ ಮೇಲೆ ಅದೇ ಚಹಾದ ಎದುರು ಕುಳಿತು "ನಿಮ್ಮ ಸಂಗಾತಿ ಈ ಮನೆಯಲ್ಲಿರುವವರೆಗೆ ಮಗು ಇಲ್ಲಿ ಸುರಕ್ಷಿತವಲ್ಲ ಎಂದು ನಾನು ಬರೆಯುತ್ತಿದ್ದೇನೆ" ಎನ್ನಬೇಕು. ಕಲಿಯುವ ಅವಧಿಯಲ್ಲಿ ಸೆಕ್ಷನ್ 47ರ ವಿಚಾರಣೆಗೆ ಜೊತೆಯಲ್ಲಿ ಹೋಗಬಹುದು. ಮುನ್ನಡೆಸುವ ಹೊಣೆ ನೋಂದಾಯಿತರದೇ. ಆದರೆ ಆ ಹೊಣೆ ತನ್ನದಾಗುವ ದಿನಕ್ಕೆ ಮನಸ್ಸು ಅಣಿಯಾಗಬೇಕು. ಅನುಭವಿ ಸಹಾಯಕರಿಗೆ ಕಾನೂನು ಓದುವುದಕ್ಕಿಂತ ಇದು ಕಷ್ಟ. ಅವರ ಅನುಭವ ಅವರಿಗೆ ಬಂಡವಾಳ. ಕೆಲವೊಮ್ಮೆ ಅದೇ ಕಾಲಿಗೆ ತೊಡಕು.

ಸಹೋದ್ಯೋಗಿಗಳ ಕಣ್ಣಿನಲ್ಲೂ ಬದಲಾವಣೆ ನಿಧಾನ. ಅದೇ ತಂಡ, ಅದೇ ಮೇಜು. ಹೊಸ ಪಾತ್ರದಲ್ಲಿ ಬಂದವಳಿಗೆ ಹಳೆಯ ಕೆಲಸಗಳೇ ಬಂದು ಬೀಳುತ್ತವೆ. ಅನುತ್ತೀರ್ಣರಾದರೆ ಮುಜುಗರವೂ ಅದೇ ಕಚೇರಿಯಲ್ಲಿ. ನೌಕರಿಯೇ ಹೋದರೆ ಅಪ್ರೆಂಟಿಸ್‌ಶಿಪ್ಪಿನ ನೆಲವೂ ಅಲುಗುತ್ತದೆ, ಏಕೆಂದರೆ ಉದ್ಯೋಗದಾತರಿಲ್ಲದೆ ಈ ವ್ಯವಸ್ಥೆ ನಿಲ್ಲುವುದಿಲ್ಲ. ಪದವಿಯ ವಿದ್ಯಾರ್ಥಿಗೆ ಈ ಭಯವಿಲ್ಲ.

ಬೇಗ ಮುಗಿಸಬೇಕೆನ್ನುವ ಪದವೀಧರರಿಗೆ ಬೇರೆ ದಾರಿಗಳಿವೆ. ಎರಡು ವರ್ಷದ ಸ್ನಾತಕೋತ್ತರ ಪದವಿ ಒಂದು. ಮಕ್ಕಳ ಸಮಾಜಕಾರ್ಯಕ್ಕಾಗಿ ಸುಮಾರು 14 ತಿಂಗಳ ಸ್ಟೆಪ್ ಅಪ್ ಯೋಜನೆ, 2013ರಲ್ಲಿ ಸ್ಥಾಪನೆಯಾದ ಫ್ರಂಟ್‌ಲೈನ್ ಸಂಸ್ಥೆಯ ಕಾರ್ಯಕ್ರಮ, ಹೀಗೆ ಹಲವು.

ಪದವಿಯ ನಂತರ

ಪದವಿ ಬಂದೊಡನೆ ಅಪ್ರೆಂಟಿಸ್ ತಾನಾಗಿಯೇ ಸಮಾಜಕಾರ್ಯಕರ್ತೆ ಆಗುವುದಿಲ್ಲ. ಸೋಷಿಯಲ್ ವರ್ಕ್ ಇಂಗ್ಲೆಂಡ್‌ಗೆ ಅರ್ಜಿ ಹಾಕಿ ನೋಂದಣಿ ಪಡೆಯಬೇಕು. ನೋಂದಣಿ ವರ್ಷವರ್ಷವೂ ನವೀಕರಣವಾಗಬೇಕು. ಅದಕ್ಕೆ ವರ್ಷಕ್ಕೆ ಕನಿಷ್ಠ ಎರಡು ಕಲಿಕಾ ದಾಖಲೆ ಸಲ್ಲಿಸಬೇಕು, ಅದರಲ್ಲಿ ಒಂದನ್ನಾದರೂ ಸಹವೃತ್ತಿಯವರೊಂದಿಗೆ ಚರ್ಚಿಸಿರಬೇಕು. ಮೊದಲ ವರ್ಷಕ್ಕೆ 2012ರಿಂದ ಜಾರಿಯಲ್ಲಿರುವ ಬೆಂಬಲದ ಕಾರ್ಯಕ್ರಮವಿದೆ: ಪ್ರಕರಣಗಳ ಹೊರೆ ಕಡಿಮೆ, ಮೇಲ್ವಿಚಾರಣೆ ಹೆಚ್ಚು, ವರ್ಷದ ಕೊನೆಗೆ ಮೌಲ್ಯಮಾಪನ. ಅಪ್ರೆಂಟಿಸ್ ದಾರಿಯಲ್ಲಿ ಬಂದವರು "ಇವಳಿಗೆ ಎಲ್ಲ ಗೊತ್ತು" ಎಂಬ ಕಾರಣಕ್ಕೆ ಈ ರಿಯಾಯಿತಿಯನ್ನು ಕಳೆದುಕೊಳ್ಳಬಾರದು.

ಕರ್ನಾಟಕದ ಓದುಗರು ಇದನ್ನು ಎಲ್ಲಿಟ್ಟು ನೋಡಬೇಕು? ನಮ್ಮಲ್ಲಿ ಸಮಾಜಕಾರ್ಯ ಶಿಕ್ಷಣ 1936ರಲ್ಲಿ ಮುಂಬೈಯ ಟಾಟಾ ಸಂಸ್ಥೆಯಿಂದ ಶುರುವಾಯಿತು. ಮಂಗಳೂರಿನ ರೋಶನಿ ನಿಲಯ 1960ರಿಂದ ಇದೆ. ನಿಮ್ಹಾನ್ಸ್‌ನ ಮನೋವೈದ್ಯಕೀಯ ಸಮಾಜಕಾರ್ಯ ವಿಭಾಗಕ್ಕೆ ದೇಶದಲ್ಲೇ ಹೆಸರಿದೆ. ಎಂಎಸ್‌ಡಬ್ಲ್ಯುನಲ್ಲಿ ವಾರಕ್ಕೆ ಎರಡು ದಿನ ಕ್ಷೇತ್ರಕಾರ್ಯ ಮಾಡಿ ವರದಿ ಬರೆದವರಿಗೆ ಮೇಲಿನ ಪೋರ್ಟ್‌ಫೋಲಿಯೊ ಹೊಸದೆನಿಸದು. ಇಲ್ಲದಿರುವುದು ಇಡೀ ವೃತ್ತಿಗೆ ಅನ್ವಯವಾಗುವ ಶಾಸನಬದ್ಧ ಮಂಡಳಿ. 2021ರ ಸಹಾಯಕ ಆರೋಗ್ಯ ವೃತ್ತಿಗಳ ಕಾಯ್ದೆ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಸಮುದಾಯದಲ್ಲಿ, ಮಕ್ಕಳ ಕಲ್ಯಾಣದಲ್ಲಿ ಕೆಲಸ ಮಾಡುವವರು ಹೊರಗೇ ಉಳಿದಿದ್ದಾರೆ. ಸಂಬಳ ಕೊಟ್ಟು ಕಲಿಸುವ ಮಾತು ಆಮೇಲೆ. ಯಾರನ್ನು ಆ ಹೆಸರಿನಿಂದ ಕರೆಯಬೇಕು ಎಂದು ಕಾನೂನು ಹೇಳದಿದ್ದರೆ ಉದ್ಯೋಗದಾತರು ಯಾವ ಅರ್ಹತೆಗಾಗಿ ಮೂರು ವರ್ಷ ಹಣ ಸುರಿಯುತ್ತಾರೆ?

ಇಂಗ್ಲೆಂಡಿಗೆ ಹೋಗುವ ಆಲೋಚನೆಯವರಿಗೆ ಎರಡು ಮಾತು. ಈಗಾಗಲೇ ಎಂಎಸ್‌ಡಬ್ಲ್ಯು ಇದ್ದು ಅನುಭವವೂ ಇದ್ದವರು ಅಪ್ರೆಂಟಿಸ್‌ಶಿಪ್ ಕಡೆ ನೋಡುವ ಮೊದಲು ವಿದೇಶಿ ಅರ್ಹತೆಯ ಮೇಲೆ ಸೋಷಿಯಲ್ ವರ್ಕ್ ಇಂಗ್ಲೆಂಡ್‌ನಲ್ಲಿ ನೇರ ನೋಂದಣಿಗೆ ಅರ್ಜಿ ಹಾಕಬಹುದೇ ಎಂದು ನೋಡಬೇಕು. ಪಠ್ಯಕ್ರಮ, ಕ್ಷೇತ್ರಕಾರ್ಯದ ವಿವರ, ಇಂಗ್ಲಿಷ್ ಸಾಮರ್ಥ್ಯದ ದಾಖಲೆ ಕೇಳುತ್ತಾರೆ. ಅಪ್ರೆಂಟಿಸ್‌ಶಿಪ್ ಭಾರತದಿಂದ ಹಾರಿ ಹೋಗಿ ಸೇರುವ ಕೋರ್ಸ್ ಅಲ್ಲ. ವಿದ್ಯಾರ್ಥಿ ವೀಸಾದಲ್ಲಿರುವವರಿಗೆ ಅದು ಸಿಗುವುದಿಲ್ಲ. ಇತರ ವೀಸಾದವರು ಕೆಲಸ ಮಾಡುವ ಹಕ್ಕು ಹೊಂದಿರಬೇಕು, ಸಾಮಾನ್ಯವಾಗಿ ಮೂರು ವರ್ಷ ಅಲ್ಲಿ ನೆಲೆಸಿರಬೇಕು, ಉಳಿದಿರುವ ಅವಧಿಯೊಳಗೆ ತರಬೇತಿ ಮುಗಿಸುವಂತಿರಬೇಕು. ಯಾರಾದರೂ ಏಜೆಂಟ್ ಇದರ ಹೆಸರಿನಲ್ಲಿ ಹಣ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸುವುದು ಕ್ಷೇಮ.

ಇದು ನಿಜವಾಗಿ ಒಪ್ಪುವುದು ಸಾಫ್ಟ್‌ವೇರ್ ಕೆಲಸದ ಸಂಗಾತಿಯೊಂದಿಗೆ ಹೋಗಿ ಮೂರ್ನಾಲ್ಕು ವರ್ಷದಿಂದ ಅಲ್ಲಿರುವ, ಊರಿನಲ್ಲಿ ಬೇರೇನೋ ಓದಿದ್ದು ಅಲ್ಲಿ ಶಾಲೆಯ ಸಹಾಯಕಿಯಾಗಿಯೋ ಆರೈಕೆ ಮನೆಯ ಸಿಬ್ಬಂದಿಯಾಗಿಯೋ ದುಡಿಯುತ್ತಿರುವ ಕನ್ನಡಿಗರಿಗೆ. ಅವರು ಮೊದಲು ಮಾಡಬೇಕಾದದ್ದು ವಿಶ್ವವಿದ್ಯಾಲಯದ ಪುಟ ಹುಡುಕುವುದಲ್ಲ. ತಮ್ಮ ಕೌನ್ಸಿಲ್‌ನ ವಯಸ್ಕರ ಅಥವಾ ಮಕ್ಕಳ ವಿಭಾಗದಲ್ಲಿ ಸಹಾಯಕ ಹುದ್ದೆ ಹಿಡಿಯುವುದು. ಅಪ್ರೆಂಟಿಸ್ ಅರ್ಜಿ ಕರೆದಾಗ ಒಳಗಿನ ನೌಕರರಿಗೆ ಮೊದಲು ತಿಳಿಯುತ್ತದೆ, ಅನೇಕ ಕಡೆ ಅವರಿಗೆ ಮಾತ್ರ ತಿಳಿಯುತ್ತದೆ.